ತೇಲಬೇಕಿದ್ದ ಗುಂಡಿ: ಸೈಟಿನಲ್ಲಿ ತ್ರೀಡಿ ಮಾಡೆಲ್ ಮತ್ತು ಮೊಬೈಲ್, ನನ್ನ ಅನುಭವ

ಕಾರಟಗಿ ಹತ್ತಿರ ಒಂದು ರೈಸ್ ಮಿಲ್ಲಿನ ಸಿವಿಲ್ ಕೆಲಸ ನನ್ನ ಕೈಗೆ ಬಂದಿದ್ದು 2024ರ ಬೇಸಿಗೆಯಲ್ಲಿ. ನಾನು ಗಂಗಾವತಿಯವನು. ಡಿಪ್ಲೊಮಾ ಮುಗಿಸಿ ಐದಾರು ವರ್ಷ ಬೆಂಗಳೂರಿನಲ್ಲಿ ಬೇರೆಯವರ ಸೈಟಿನಲ್ಲಿ ಬಿಸಿಲು ಕಾಯ್ದು, ಊರಿಗೆ ವಾಪಸ್ ಬಂದು ಸಣ್ಣಪುಟ್ಟ ಕಂಟ್ರಾಕ್ಟ್ ಹಿಡಿಯುತ್ತೇನೆ. ಮನೆ, ಗೋಡೌನು, ಅಂಗಡಿ ಮಳಿಗೆ ಇಂಥವೇ ಜಾಸ್ತಿ. ಮಿಲ್ಲು ಅಂತ ಮಾಡಿದ್ದು ಅದೇ ಮೊದಲು.

ಮನೆ ಕಟ್ಟುವಾಗ ಡ್ರಾಯಿಂಗ್ ಒಬ್ಬರದೇ ಇರುತ್ತದೆ. ಏನಾದರೂ ತಿಳಿಯದಿದ್ದರೆ ಒಂದು ಫೋನ್ ಮಾಡಿದರೆ ಆಯಿತು. ಮಿಲ್ಲಿನಲ್ಲಿ ಹಾಗಲ್ಲ. ಫುಟಿಂಗ್ ಅಂದರೆ ಮಣ್ಣೊಳಗಿನ ಕಾಂಕ್ರೀಟ್ ಪಾದ, ಅದರ ಮೇಲಿನ ಕಾಲಂ ಎಲ್ಲ ಹುಬ್ಬಳ್ಳಿಯ ಸ್ಟ್ರಕ್ಚರಲ್ ಡಿಸೈನರ್ ಕೊಟ್ಟಿದ್ದು. ಮೇಲಿನ ಕಬ್ಬಿಣದ ಶೆಡ್ ಬೇರೆ ಊರಿನ ಫ್ಯಾಬ್ರಿಕೇಟರ್ ಮಾಡಿ ತರುವುದು. ಒಳಗಿನ ಮೆಷಿನ್ನುಗಳ ಲೇಔಟು ಮೂರನೆಯವರದು. ಮೂರು ಜನ ಮೂರು ಊರಿನಲ್ಲಿ. ಒಬ್ಬರ ಶೀಟು ಇನ್ನೊಬ್ಬರು ನೋಡಿಲ್ಲ. ಮೂರೂ ಬಂದು ಕೂಡುವ ಜಾಗ ನನ್ನ ತಲೆ, ಅಷ್ಟೇ.

ಮೊದಲ ದಿನವೇ ತಲೆ ಕೆಟ್ಟಿದ್ದು ಸೊನ್ನೆಯಿಂದ. ಡಿಸೈನರ್ ಶೀಟಿನಲ್ಲಿ ಸೊನ್ನೆ ಅಂದರೆ ಅಂಗಳದ ಮಟ್ಟ. ಶೆಡ್‌ನವರ ಶೀಟಿನಲ್ಲಿ ಸೊನ್ನೆ ಅಂದರೆ ಪೆಡೆಸ್ಟಲ್ ತಲೆ, ಅಂದರೆ ಗಿಡ್ಡ ಕಾಂಕ್ರೀಟ್ ಕಂಬದ ಮೇಲೆ ಶೆಡ್ಡಿನ ಬೇಸ್‌ಪ್ಲೇಟ್ ಕೂರುವ ಜಾಗ. ಮೆಷಿನ್‌ನವರಿಗೆ ಸೊನ್ನೆ ಅಂದರೆ ಒಳಗಿನ ಫ್ಲೋರ್ ಮುಗಿದ ಮೇಲಿನ ಮಟ್ಟ. ಯಾರದೂ ತಪ್ಪಲ್ಲ. ಆದರೆ 'ಮೈನಸ್ 2100' ಅಂತ ಒಂದು ಶೀಟಿನಲ್ಲಿ ಬರೆದಿದ್ದರೆ, ಎಲ್ಲಿಂದ ಕೆಳಗೆ? ಅಂಗಳದಿಂದಲೋ ಫ್ಲೋರಿನಿಂದಲೋ? ನಮ್ಮಲ್ಲಿ ಎರಡಕ್ಕೂ 600 ಮಿಲಿಮೀಟರ್ ವ್ಯತ್ಯಾಸ ಇತ್ತು, ಎರಡು ಅಡಿ.

ಗೇಟಿನ ಹತ್ತಿರ ಕುಷ್ಟಗಿ ಕಡೆಯ ಗ್ರಾನೈಟ್ ತುಂಡೊಂದು ಹೂತು, ಕೆಂಪು ಪೇಂಟ್ ಹಚ್ಚಿ, ಅದಕ್ಕೆ 100.000 ಅಂತ ಹೆಸರಿಟ್ಟೆ. ಅದೇ ಅಂಗಳದ ಮಟ್ಟ. ಫ್ಲೋರು 100.600. ಎಲ್ಲರ ಮೈನಸ್ಸು ಪ್ಲಸ್ಸು ಅದಕ್ಕೇ ತಿರುಗಿಸಿಕೊಂಡೆ. ಹೀಗೆ ತಿರುಗಿಸುತ್ತಾ ಕೂತಾಗಲೇ, ಮೂರನ್ನೂ ಒಂದೇ ಕಡೆ ಕೂರಿಸಿ ನೋಡಬೇಕು ಅಂತ ಹೊಳೆದಿದ್ದು.

ಬೆಂಗಳೂರಿನಲ್ಲಿ ಕೆಲಸ ಮಾಡಿದ್ದ ದೊಡ್ಡ ಸೈಟಿನಲ್ಲಿ ಇದಕ್ಕೇ ಅಂತ ಒಂದು ಟೀಮಿತ್ತು. ಬಿಮ್ ಅನ್ನುತ್ತಿದ್ದರು, ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್. ಎಸಿ ರೂಮಿನಲ್ಲಿ ದೊಡ್ಡ ಟಿವಿ, ಅದರಲ್ಲಿ ಬಣ್ಣಬಣ್ಣದ ಕಟ್ಟಡ ತಿರುಗುವುದು. ನಾವು ಕೆಳಗಿನ ಹುಡುಗರು ಅದನ್ನು ಸುಮ್ನೆ ಶೋಕಿ ಅಂದುಕೊಂಡಿದ್ದೆವು. ಇಲ್ಲಿ ನಮ್ಮ ಮೇಸ್ತ್ರಿಗೆ ಬಿಮ್ ಮಾಡ್ತೀನಿ ಅಂದಾಗ ಅವರು ಕೇಳಿದ್ದು, "ಯಾವ ಬೀಮ್ ರೀ? ಪ್ಲಿಂತ್ ಬೀಮೋ, ಮ್ಯಾಲಿಂದೋ?" ಆಮೇಲೆ ಇಡೀ ಸೈಟಿಗೆ ಅದರ ಹೆಸರು 'ಲ್ಯಾಪ್‌ಟಾಪಿನ ಬೀಮು' ಅಂತಲೇ ಆಯಿತು.

ಸಾಮಾನ್ಯ ಡ್ರಾಯಿಂಗಿಗೂ ಇದಕ್ಕೂ ಇರುವ ಫರಕು ಇಷ್ಟೇ. ಆಟೋಕ್ಯಾಡಿನ ಶೀಟಿನಲ್ಲಿ ಕಾಲಂ ಅಂದರೆ ನಾಲ್ಕು ಗೆರೆ. ಮಾಡೆಲಿನಲ್ಲಿ ಅದು ಕಾಲಂ ಅಂತಲೇ ಇರುತ್ತದೆ. ಎಷ್ಟು ಎತ್ತರ, ಯಾವ ಗ್ರೇಡಿನ ಕಾಂಕ್ರೀಟು, ಎಷ್ಟು ಕ್ಯೂಬಿಕ್ ಮೀಟರು, ಎಲ್ಲಾ ಅದರ ಹೊಟ್ಟೆಯಲ್ಲಿರುತ್ತದೆ. ಅಳತೆ ಬದಲಿಸಿದರೆ ಲೆಕ್ಕವೂ ತಾನೇ ಬದಲಾಗುತ್ತದೆ.

ಬಿಮ್ ಮಾಡುವ ರೆವಿಟ್ ಸಾಫ್ಟ್‌ವೇರಿಗೆ ಪ್ರತಿ ವರ್ಷ ದುಡ್ಡು ಕಟ್ಟುವಷ್ಟು ಕೆಲಸ ನನಗೆಲ್ಲಿದೆ? ಹಾಗಾಗಿ ಫ್ರೀಕ್ಯಾಡ್ ಹಾಕಿಕೊಂಡೆ. ಹೆಸರೇ ಹೇಳುವಂತೆ ಪುಕ್ಕಟೆ. ನನ್ನದು 8 ಜಿಬಿ ರ್‍ಯಾಮಿನ ಹಳೇ ಲ್ಯಾಪ್‌ಟಾಪು, ಫ್ಯಾನ್ ಸದ್ದು ಹಿಟ್ಟಿನ ಗಿರಣಿ ಥರ. ರಾತ್ರಿ ಯೂಟ್ಯೂಬ್ ನೋಡುತ್ತಾ ಕಲಿತೆ. ಮೊದಲ ಎರಡು ವಾರ ಒಂದು ಗೋಡೆ ಎಬ್ಬಿಸಲೂ ಒದ್ದಾಡಿದೆ. ಮೆಷಿನ್‌ನವರ ಡ್ರಾಯಿಂಗಿನ ಡಿಎಕ್ಸ್‌ಎಫ್ ಫೈಲ್ ಒಳಗೆ ತಂದಾಗ, ಭತ್ತದ ಸಿಪ್ಪೆ ತೆಗೆಯುವ ಹಲ್ಲರ್ ಮೆಷಿನ್ನು ಇಡೀ ಮಿಲ್ಲಿಗಿಂತ ದೊಡ್ಡದಾಗಿ ಬಂದು ಕೂತಿತು. ಮಿಲಿಮೀಟರಿಗೂ ಇಂಚಿಗೂ ಅದಲುಬದಲಾಗಿ 25.4 ಪಟ್ಟು ಹಿಗ್ಗಿತ್ತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಶೆಡ್‌ನವರ ವಿಷಯದಲ್ಲಿ ಮಾತ್ರ ಅದೃಷ್ಟ. ಅವರು ಟೆಕ್ಲಾ ಅನ್ನುವ ತ್ರೀಡಿ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರು. ಐಎಫ್‌ಸಿ ಫೈಲ್ ಕೊಡ್ತೀರಾ ಅಂತ ಕೇಳಿದೆ. ಐಎಫ್‌ಸಿ ಅಂದರೆ ಯಾವ ಸಾಫ್ಟ್‌ವೇರಿನಲ್ಲಿ ಮಾಡಿದರೂ ಇನ್ನೊಂದರಲ್ಲಿ ತೆರೆಯಲಿ ಅಂತ ಇರುವ ಎಲ್ಲರ ಫೈಲು. ಅರ್ಧ ಗಂಟೆಯಲ್ಲಿ ಮೇಲ್ ಬಂತು. "ಇಷ್ಟು ವರ್ಷದಲ್ಲಿ ಯಾವ ಸಿವಿಲ್ ಕಂಟ್ರಾಕ್ಟರೂ ಕೇಳಿರಲಿಲ್ಲ ಸರ್" ಅಂದರು. ಇಡೀ ಶೆಡ್ ಒಂದೊಂದು ಬೋಲ್ಟ್ ಸಮೇತ ಅದರಲ್ಲಿತ್ತು. ಅದೇ ಕಷ್ಟಕ್ಕೂ ಬಂತು, ಲ್ಯಾಪ್‌ಟಾಪ್ ಉಸಿರುಗಟ್ಟಿತು. ಬೋಲ್ಟು, ನಟ್ಟು ಎಲ್ಲಾ ಅಳಿಸಿ ಹಾಕಿದ ಮೇಲೆ ಅಲುಗಾಡಿತು.

ನಾನು ಮಾಡಿದ್ದು ಕಾಂಕ್ರೀಟಿನ ಭಾಗ ಅಷ್ಟೇ. ಫುಟಿಂಗು, ಕಾಲಂ, ಪ್ಲಿಂತ್ ಬೀಮು, ಮೆಷಿನ್ ಫೌಂಡೇಶನ್ನು, ಗುಂಡಿಗಳು. ಮೆಷಿನ್ನುಗಳ ಬದಲಿಗೆ ಬರೀ ಡಬ್ಬಿಗಳು. ಕಿಟಕಿ, ಬಾಗಿಲು, ಪೇಂಟು ಯಾವುದನ್ನೂ ಮುಟ್ಟಲಿಲ್ಲ. ಮಾಲೀಕರ ಮಗ ಬಂದು ನೋಡಿ, "ಅಣ್ಣಾ, ಗಿಡ ಹಾಕಿ, ಕಾರು ನಿಲ್ಲಿಸಿ" ಅಂದ. ಗಿಡ ಹಾಕಲಿಲ್ಲ.

ಮೂರೂ ಒಂದರ ಮೇಲೊಂದು ಕೂತ ದಿನ ರಾತ್ರಿ ಹನ್ನೊಂದಾಗಿತ್ತು. ಮಣ್ಣಿನ ಪದರ ಮರೆ ಮಾಡಿ ಕೆಳಗಿನಿಂದ ನೋಡಿದೆ. ನೆಲದ ಒಳಗಿಂದ ತಲೆ ಎತ್ತಿ ಕಟ್ಟಡ ನೋಡುವುದು ಮಾಡೆಲಿನಲ್ಲಿ ಮಾತ್ರ ಆಗುವ ಕೆಲಸ, ಅಲ್ವಾ? ಲಾರಿಯಿಂದ ಭತ್ತ ಸುರಿಯುವ ಕಡೆ, ಅದನ್ನು ಮೇಲೆತ್ತುವ ಎಲಿವೇಟರಿನ ಗುಂಡಿ ಇದೆ. ಆ ಗುಂಡಿಯ ಒಂದು ಮೂಲೆ ಪಕ್ಕದ ಸಿ-3 ಕಾಲಮ್ಮಿನ ಫುಟಿಂಗಿನೊಳಗೆ ಹೊಕ್ಕು ಕೂತಿತ್ತು. ಅಳೆದರೆ 400 ಮಿಲಿಮೀಟರು.

ಶೀಟುಗಳನ್ನು ಮತ್ತೆ ತೆಗೆದು ನೋಡಿದೆ. ಡಿಸೈನರ್ ಶೀಟಿನಲ್ಲಿ ಗುಂಡಿಯೇ ಇಲ್ಲ, ಯಾಕೆಂದರೆ ಅದು ಮೆಷಿನ್‌ನವರದು. ಮೆಷಿನ್‌ನವರ ಶೀಟಿನಲ್ಲಿ ಕಾಲಂ ಅಂದರೆ ಒಂದು ಸಣ್ಣ ಕಪ್ಪು ಚೌಕ. ಆ ಚೌಕದ ಕೆಳಗೆ ಮಣ್ಣೊಳಗೆ ಆರಡಿ ಅಗಲದ ಫುಟಿಂಗ್ ಇರುತ್ತದೆ ಅನ್ನುವುದು ಆ ಶೀಟಿಗೆ ಗೊತ್ತಿಲ್ಲ. ನನಗೂ ಗೊತ್ತಾಗುತ್ತಿರಲಿಲ್ಲ. ಫುಟಿಂಗ್ ಹಾಕಿ, ಶೆಡ್ ನಿಲ್ಲಿಸಿ, ಆಮೇಲೆ ಗುಂಡಿ ತೋಡಲು ಹೋದಾಗ ಜೆಸಿಬಿ ಬಕೆಟ್ಟು 'ಠಣ್' ಅಂದಾಗಲೇ ಗೊತ್ತಾಗುತ್ತಿತ್ತು.

ಇನ್ನೊಂದು ತೊಂದರೆಯೂ ಇತ್ತು. ನಮ್ಮ ಕಡೆ ಮೇಲೆಲ್ಲ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಂದರೆ ಉಬ್ಬುವುದು. ಫುಟಿಂಗು ಕೆಳಗಿನ ಗಟ್ಟಿ ಗರಸಿಗೆ ಇಳಿಯಬೇಕು. ನಮ್ಮಲ್ಲಿ ಅದು ಎರಡು ಮೀಟರಿಗೆ ಸಿಕ್ಕಿತ್ತು, ಅಂದರೆ 98.000. ಗುಂಡಿಯ ತಳ 97.650. ಪಕ್ಕದಲ್ಲೇ ಫುಟಿಂಗಿಗಿಂತ 350 ಮಿಲಿಮೀಟರ್ ಹೆಚ್ಚು ಆಳಕ್ಕೆ ತೋಡಿದರೆ ಫುಟಿಂಗಿನ ಕೆಳಗಿನ ಮಣ್ಣು ಜಾರುತ್ತದೆ. ಫೌಂಡೇಶನ್ನಿನ ಭಾರತೀಯ ಮಾನದಂಡ ಐಎಸ್ 1904ರಲ್ಲಿ ಇದಕ್ಕೊಂದು ನಿಯಮ ಇದೆ. ಅಕ್ಕಪಕ್ಕದ ಎರಡು ಫುಟಿಂಗುಗಳ ತಳದ ಅಂಚು ಸೇರಿಸಿ ಗೆರೆ ಎಳೆದರೆ, ಇಂಥ ಮಣ್ಣಿನಲ್ಲಿ ಅದು ಒಂದಕ್ಕೆ ಎರಡರ ಇಳಿಜಾರಿಗಿಂತ ಕಡಿದಾಗಿರಬಾರದು. 350 ಇಳಿದರೆ 700 ದೂರ ಇರಬೇಕು. ಇಲ್ಲಿ ದೂರ ಇರಲಿ, ಒಂದರೊಳಗೊಂದು ಹೊಕ್ಕಿದ್ದವು.

ಮೆಷಿನ್‌ನವರಿಗೆ ಚಿತ್ರ ಕಳಿಸಿದೆ. ಗುಂಡಿಯನ್ನು ಮೂರಡಿ ಸರಿಸಲು ಒಪ್ಪಿದರು. ಆದರೆ ಎಲಿವೇಟರಿನ ತಲೆಯಿಂದ ಮೆಷಿನ್ನಿಗೆ ಇಳಿಯುವ ಪೈಪು ಉದ್ದವಾಗುತ್ತದೆ, ಇಳಿಜಾರು ಕಮ್ಮಿಯಾದರೆ ಭತ್ತ ಜಾರುವುದಿಲ್ಲ, ಹಾಗಾಗಿ ಎಲಿವೇಟರ್ ಎತ್ತರ ಮಾಡಬೇಕು ಅಂದರು. ಎತ್ತರ ಮಾಡಿ ಮಾಡೆಲಿನಲ್ಲಿ ಕೂರಿಸಿದರೆ ಅದರ ತಲೆ ಹೋಗಿ ಶೆಡ್ಡಿನ ಚಾವಣಿ ಹೊರುವ ರಾಫ್ಟರಿಗೆ ಬಡಿಯಿತು. ಕಾಲಿಗೆ ಎಳೆದರೆ ತಲೆಗಿಲ್ಲ ಅನ್ನುವ ಕಂಬಳಿ ಕಥೆ. ಪುಣ್ಯಕ್ಕೆ ಶೆಡ್‌ನವರು ಕಬ್ಬಿಣ ಇನ್ನೂ ಕತ್ತರಿಸಿರಲಿಲ್ಲ. ಆ ಒಂದು ಕಡೆ ಮಾತ್ರ ಚಾವಣಿ ಎತ್ತರಿಸಿ ಕೊಟ್ಟರು. ಇಷ್ಟೆಲ್ಲಾ ಆಗಿದ್ದು ನಾಲ್ಕು ದಿನದಲ್ಲಿ, ಫೋನಿನಲ್ಲೇ. ಒಂದು ಬುಟ್ಟಿ ಕಾಂಕ್ರೀಟೂ ಹಾಕಿರಲಿಲ್ಲ.

ಗುಂಡಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದರ ನಿಜವಾದ ಕಥೆ ಶುರುವಾಗಿದ್ದು ನಮ್ಮ ಮೇಸ್ತ್ರಿಯಿಂದ.

ಮೇಸ್ತ್ರಿ ಕುಷ್ಟಗಿ ಕಡೆಯವರು. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಸೆಂಟ್ರಿಂಗ್, ಗಾರೆ ಎಲ್ಲಾ ಮಾಡಿ ಬಂದವರು. ನಮ್ಮ ಕಡೆಯಿಂದ ಗುಳೆ ಹೋದವರಲ್ಲಿ ಇಂಥ ಕೈ ಬಹಳ ಇವೆ. ಅವರಿಗೆ ಲ್ಯಾಪ್‌ಟಾಪಿನಲ್ಲಿ ಗುಂಡಿ ತಿರುಗಿಸಿ ತೋರಿಸುತ್ತಿದ್ದೆ. ಸುಮ್ಮನೆ ನೋಡುತ್ತಿದ್ದವರು, "ಸುತ್ತ ಎಲ್ಲಾ ಗದ್ದಿ ಐತಲ್ರೀ ಸಾಹೇಬ್ರ, ಕಾಲವಿಗೆ ನೀರು ಬಿಟ್ರ ಇದು ಮ್ಯಾಲೆ ಬರಂಗಿಲ್ಲೇನ್ರಿ? ನಮ್ಮ ಬೀಗರ ಕ್ಯಾಂಪಿನ್ಯಾಗ ಒಂದು ಸಂಪು ತೇಲಿ ಬಂದಿತ್ತು, ಖಾಲಿ ಇತ್ತು ನೋಡ್ರಿ" ಅಂದರು.

ನನಗೆ ನಗು ಬಂತು. ಕಾಂಕ್ರೀಟು ತೇಲುತ್ತದಾ?

ಆದರೂ ತಲೆಯಲ್ಲಿ ಹುಳ ಬಿಟ್ಟರು. ಮಾಡೆಲಿನಲ್ಲಿ ಆ ಗುಂಡಿಯನ್ನು ಆರಿಸಿ ಲೆಕ್ಕ ತೆಗೆದೆ. ಒಳಗಿನ ಅಳತೆ 2.4 ಮೀಟರ್, 1.5 ಮೀಟರ್, ಆಳ 2.1. ಗೋಡೆ 200 ಮಿಲಿಮೀಟರ್ ದಪ್ಪ, ತಳ 250. ಕಾಂಕ್ರೀಟು ಹತ್ತಿರ ಹತ್ತಿರ 5 ಕ್ಯೂಬಿಕ್ ಮೀಟರ್. ಒಂದು ಕ್ಯೂಬಿಕ್ ಮೀಟರಿಗೆ ಎರಡೂವರೆ ಟನ್ ಹಿಡಿದರೆ ತೂಕ ಸುಮಾರು 12.4 ಟನ್. ಇನ್ನು ಹೊರಗಿನ ಅಳತೆಯಲ್ಲಿ ಇಡೀ ಡಬ್ಬಿಯ ಗಾತ್ರ 12.5 ಕ್ಯೂಬಿಕ್ ಮೀಟರ್. ನೀರು ಅಂಗಳದ ಮಟ್ಟಕ್ಕೆ ನಿಂತರೆ ಅಷ್ಟು ನೀರನ್ನು ಅದು ಪಕ್ಕಕ್ಕೆ ತಳ್ಳುತ್ತದೆ. 12.5 ಟನ್ ಮೇಲಕ್ಕೆ ಒತ್ತಡ. ಕೆಳಕ್ಕೆ 12.4, ಮೇಲಕ್ಕೆ 12.5.

ಎರಡು ಸಲ ಲೆಕ್ಕ ಮಾಡಿದೆ. ಅಷ್ಟೇ ಬಂತು. ನಮ್ಮದು ಎಡದಂಡೆ ಕಾಲುವೆಯ ನೆಲ. ಭತ್ತದ ಗದ್ದೆಗಳಿಗೆ ನೀರು ನಿಂತರೆ ಅಕ್ಕಪಕ್ಕದ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಮೇಸ್ತ್ರಿ ಹೇಳಿದ್ದು ಕಥೆಯಲ್ಲ.

ಬೆಳಗ್ಗೆ ಡಿಸೈನರ್‌ಗೆ ಫೋನ್ ಮಾಡಿ ಎರಡೂ ಅಂಕಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡಿ ನನ್ನ ಸ್ಕೋಪಿನಲ್ಲಿ ಇರಲಿಲ್ಲಲ್ಲಪ್ಪಾ, ಕಳಿಸು, ನೋಡ್ತೀನಿ" ಅಂದರು. ನಿಜ, ಅದು ಯಾರ ಸ್ಕೋಪಿನಲ್ಲೂ ಇರಲಿಲ್ಲ. ಸಂಜೆಗೆ ಹೊಸ ಶೀಟು ಬಂತು. ತಳವನ್ನು ಸುತ್ತಲೂ 300 ಮಿಲಿಮೀಟರ್ ಹೊರಗೆ ಚಾಚಿಸಿದ್ದರು. ಆ ಚಾಚಿನ ಮೇಲೆ ಮಣ್ಣು ಕೂತು ಗುಂಡಿಯನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಮಣ್ಣು ನೀರಲ್ಲಿ ನೆಂದು ಹಗುರಾದ ಲೆಕ್ಕ ಹಿಡಿದರೂ ಕೆಳಗಿನ ತೂಕ ಮೇಲಿನ ಒತ್ತಡದ ಒಂದೂವರೆ ಪಟ್ಟು ಬಂತು. ಜೊತೆಗೆ ಸಿ-3 ಫುಟಿಂಗನ್ನೂ ಗುಂಡಿಯ ತಳದ ಮಟ್ಟಕ್ಕೇ ಇಳಿಸಿಬಿಟ್ಟರು, ಜಾರುವ ತಂಟೆಯೂ ತಪ್ಪಿತು. ಜಾಸ್ತಿ ಹೋದ ಕಾಂಕ್ರೀಟು ಗುಂಡಿಗೆ ಒಂದು ಕ್ಯೂಬಿಕ್ ಮೀಟರೂ ಇಲ್ಲ.

ಇಷ್ಟೆಲ್ಲಾ ಲ್ಯಾಪ್‌ಟಾಪಿನಲ್ಲಿ. ಸೈಟಿಗೆ ತಲುಪಿಸುವುದು ಬೇರೆಯೇ ಕೆಲಸ.

ಮೊದಲು ಒಂದು ಅಗ್ಗದ ಟ್ಯಾಬ್ ತಂದು ಅದರಲ್ಲಿ ಮಾಡೆಲ್ ಹಾಕಿ ಕೊಟ್ಟೆ. ಮೇ ತಿಂಗಳ ಬಿಸಿಲು. ಹನ್ನೊಂದು ಗಂಟೆಗೆ ಸ್ಕ್ರೀನ್ ಕಾಣುವುದಿಲ್ಲ, ಹನ್ನೆರಡಕ್ಕೆ 'ಫೋನ್ ಬಿಸಿಯಾಗಿದೆ' ಅಂತ ತಾನೇ ಆಫ್ ಆಗುತ್ತದೆ. ಸಿಮೆಂಟ್ ಮೆತ್ತಿದ ಬೆರಳಿಗೆ ಟಚ್ ಕೇಳುವುದಿಲ್ಲ. ಗಾರೆ ಕೆಲಸದವರ ಬೆರಳಿನ ಗೆರೆಯೇ ಸವೆದಿರುತ್ತದೆ, ಹೆಬ್ಬೆಟ್ಟಿನಿಂದ ಲಾಕ್ ತೆಗೆಯುವುದೂ ಆಗದು. ಮಾಡೆಲ್ ತಿರುಗಿಸಲು ಹೋಗಿ ಒಮ್ಮೆ ಕಟ್ಟಡ ತಲೆಕೆಳಗಾದರೆ ಮತ್ತೆ ನೆಟ್ಟಗೆ ಮಾಡಲು ನಾನೇ ಬರಬೇಕು. ನಾಲ್ಕನೇ ದಿನ ಟ್ಯಾಬ್ ಮನೆಗೆ ಹೋಯಿತು. ಈಗ ಮಗಳು ಅದರಲ್ಲಿ ಕಾರ್ಟೂನ್ ನೋಡುತ್ತಾಳೆ.

ಆಮೇಲೆ ನಡೆದಿದ್ದು ಅವರವರ ಫೋನು, ಅವರವರ ವಾಟ್ಸಾಪು. ಪ್ರತಿ ದಿನ ಸಂಜೆ ಮರುದಿನದ ಕೆಲಸದ ಭಾಗ ಮಾತ್ರ ಮಾಡೆಲಿನಲ್ಲಿ ಬಿಡಿಸಿ, ನಿಧಾನ ತಿರುಗಿಸುತ್ತಾ ಇಪ್ಪತ್ತು ಸೆಕೆಂಡಿನ ಸ್ಕ್ರೀನ್ ರೆಕಾರ್ಡಿಂಗ್ ಮಾಡುತ್ತಿದ್ದೆ. ವಿಡಿಯೊ ನೋಡಲು ಯಾರಿಗೂ ಕಲಿಸಬೇಕಿಲ್ಲ. ಅದರ ಕೆಳಗೆ ಅಳತೆ ಬರೆದ ಎರಡು ಚಿತ್ರ, ಜೊತೆಗೆ ಒಂದು ವಾಯ್ಸ್ ಮೆಸೇಜು. ಚಿತ್ರವನ್ನು ಫೋಟೊ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಹಿಪ್ಪೆ ಮಾಡುತ್ತದೆ. 150 ಯಾವುದು 180 ಯಾವುದು ಗೊತ್ತಾಗದು. ಡಾಕ್ಯುಮೆಂಟ್ ಅಂತ ಕಳಿಸಿದರೆ ಅಂಕಿ ಸ್ಪಷ್ಟ ಇರುತ್ತದೆ. ಇದು ತಿಳಿಯುವ ಮುಂಚೆ ಒಂದು ದಿನದ ಕಬ್ಬಿಣದ ರಿಂಗೆಲ್ಲಾ ತಪ್ಪು ಅಳತೆಗೆ ಬಗ್ಗಿಸಿ ಗುಡ್ಡೆ ಹಾಕಿದ್ದರು.

ಅಳತೆ ಅವರ ಭಾಷೆಯಲ್ಲಿ ಇರಬೇಕು. ಮಾಡೆಲ್ ಮಿಲಿಮೀಟರಿನಲ್ಲಿ, ಮೇಸ್ತ್ರಿ ಟೇಪು ಅಡಿ ಇಂಚಿನಲ್ಲಿ. ಕಬ್ಬಿಣ ಅಂತೂ ಸೂತದ ಲೆಕ್ಕ. ಒಂದು ಇಂಚಿಗೆ ಎಂಟು ಸೂತ. 10 ಎಂಎಂ ಸರಳು ಮೂರು ಸೂತ, 12 ಅಂದರೆ ನಾಲ್ಕು, 16 ಅಂದರೆ ಐದು. ಹಾಗಾಗಿ ಎರಡನ್ನೂ ಬರೆಯುತ್ತಿದ್ದೆ: '5 ಸೂತ, 6 ಇಂಚಿಗೊಂದು, 16@150' ಅಂತ. ಬಾರ್ ಬೆಂಡರ್ ಹುಡುಗರು ಎರಡನೇ ತಿಂಗಳಿಗೆ ಮಿಲಿಮೀಟರೇ ಹೇಳತೊಡಗಿದರು. ನಾನು ಸೂತ ಹೇಳತೊಡಗಿದ್ದೆ.

ಇದೇ ಸಾಲಿನಲ್ಲಿ ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ, ಅದು ಪೂರ್ತಿ ನನ್ನದೇ. ಹಲ್ಲರ್ ಫೌಂಡೇಶನ್ನಿನ ಬೋಲ್ಟು ಕೂರುವ ಪಾಕೆಟ್ಟುಗಳು ಎಲ್ಲಿ ಬರಬೇಕು ಅಂತ ಮೆಷಿನ್‌ನವರು ಗೋಡೆಯ ಒಳಮೈಯಿಂದ ಅಳತೆ ಕೊಟ್ಟಿದ್ದರು. ನಾನು ಮಾಡೆಲಿನಲ್ಲಿ ಗೋಡೆಯ ಸೆಂಟರ್ ಲೈನಿನಿಂದ ಹಾಕಿದ್ದೆ. ಒಂಬತ್ತಿಂಚಿನ ಗೋಡೆ, 230 ಮಿಲಿಮೀಟರು, ಅದರರ್ಧ 115. ಮಾಡೆಲಿನಲ್ಲಿ ನೋಡಲು ಎಲ್ಲಾ ಅಚ್ಚುಕಟ್ಟು. ವಿಡಿಯೊ ಹೋಯಿತು, ಹುಡುಗರು ಅದರಂತೆಯೇ ಡಬ್ಬಿ ಕಟ್ಟಿದರು, ಕಾಂಕ್ರೀಟು ಬಿತ್ತು. ಎರಡನೇ ಬ್ಲಾಕ್ ಕಟ್ಟುವಾಗ ಮೇಸ್ತ್ರಿ ಮೆಷಿನ್‌ನವರ ಕಾಗದದ ಶೀಟು ಹಿಡಿದು ಟೇಪ್ ಹಾಕಿ, "ನಾಕೂವರಿ ಇಂಚು ಯಾಕೋ ಆ ಕಡೆ ಹೋಗೈತ್ರಿ" ಅಂದರು. ಒಂದು ಬ್ಲಾಕು ಬ್ರೇಕರ್ ಹಾಕಿ ಒಡೆಸಿದೆ. ಎರಡು ದಿನ, ಬ್ರೇಕರ್ ಬಾಡಿಗೆ, ಮೇಲಿಂದ ಮಾಲೀಕರ ಮುಖ. ಬಣ್ಣದ ಚಿತ್ರ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ನನಗೂ ಬರಲಿಲ್ಲ. ಅವತ್ತಿನಿಂದ ಮೂಲ ಶೀಟಿನ ಫೋಟೊ ಕೂಡ ವಿಡಿಯೊ ಜೊತೆ ಕಳಿಸುತ್ತೇನೆ. ಯಾರಾದರೂ ಒಬ್ಬರು ಎರಡನ್ನೂ ತಾಳೆ ನೋಡಲಿ ಅಂತ.

ಫೋನಿನಲ್ಲೇ ಎಲ್ಲಾ ಆಗುತ್ತದೆ ಅನ್ನುವ ಹುಡುಗರೂ ಸಿಗುತ್ತಾರೆ. ನಮ್ಮ ಸೈಟಿಗೆ ಬಂದ ಒಬ್ಬ ಟ್ರೈನಿ, ಸೆಂಟರ್ ಲೈನನ್ನು ಫೋನಿನ ಜಿಪಿಎಸ್‌ನಿಂದಲೇ ಗುರುತು ಮಾಡೋಣ ಅಂದ. ಮಾಡು ಅಂತ ಬಿಟ್ಟೆ. ಒಂದೇ ಗೂಟದ ಮೇಲೆ ಹತ್ತು ನಿಮಿಷ ಬಿಟ್ಟು ಬಿಟ್ಟು ನಿಂತರೆ ಗುರುತು ಮೂರ್ನಾಲ್ಕು ಮೀಟರ್ ಅಲೆದಾಡಿತು. ಮಿಲ್ಲೇ ಪಕ್ಕದವರ ಗದ್ದೆಗೆ ಹೋಗುತ್ತಿತ್ತು. ಫೋನ್ ಕ್ಯಾಮೆರಾದ ಅಳತೆ ಆ್ಯಪೂ ಅಷ್ಟೇ, ಬಾಗಿಲು ಅಳೆಯಲು ಸಾಕು, ಬೋಲ್ಟಿಗೆ ಸಾಲದು. ಸೆಂಟರ್ ಲೈನಿಗೆ ಒಂದು ದಿನ ಸರ್ವೆ ಮಾಡುವ ಟೋಟಲ್ ಸ್ಟೇಷನ್ ಯಂತ್ರ ಬಾಡಿಗೆಗೆ ತರಿಸಿದೆ. ಮೂಲೆ 90 ಡಿಗ್ರಿ ಬರಲು ಮೇಸ್ತ್ರಿಯ 3-4-5 ದಾರ. ಮಟ್ಟಕ್ಕೆ ನೀರಿನ ಟ್ಯೂಬು, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಟ್ಯೂಬಿಗೆ ಚಾರ್ಜಿಂಗ್ ಬೇಕಿಲ್ಲ.

ಫೋನು ನಿಜವಾಗಿ ದುಡ್ಡು ಉಳಿಸಿದ್ದು ಫೋಟೊದಲ್ಲಿ. ಅದಕ್ಕೂ ಒಂದು ಪಾಟಿ ಬೇಕಾಯಿತು. ಶಾಲೆ ಮಕ್ಕಳ ಪಾಟಿ, ಬಳಪ. ಕಾಂಕ್ರೀಟ್ ಹಾಕುವ ಮುಂಚೆ ಪಾಟಿಯ ಮೇಲೆ 'ಸಿ-3 ಫುಟಿಂಗ್, ತಾರೀಕು' ಅಂತ ಬರೆದು, ಕಬ್ಬಿಣದ ಪಕ್ಕ ಇಟ್ಟು, ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ. ಒಂದರಲ್ಲಿ ಟೇಪ್ ಹಿಡಿದಿರಬೇಕು, ಒಂದರಲ್ಲಿ ಕಬ್ಬಿಣಕ್ಕೂ ಕಾಂಕ್ರೀಟಿನ ಹೊರಮೈಗೂ ನಡುವೆ ಜಾಗ ಬಿಡಿಸುವ ಕವರ್ ಬ್ಲಾಕ್ ಕಾಣಬೇಕು. ಫುಟಿಂಗಿಗೆ 50 ಮಿಲಿಮೀಟರ್, ಕಾಲಮ್ಮಿಗೆ 40. ಗ್ರೂಪಿಗೆ ಫೋಟೊ ಬರದೆ ಮಿಕ್ಸರ್ ತಿರುಗುವ ಹಾಗಿಲ್ಲ. ಪಾಟಿ ಇಲ್ಲದ ಫೋಟೊ ಮೂರು ತಿಂಗಳಾದ ಮೇಲೆ ಬರೀ ಕಬ್ಬಿಣದ ಫೋಟೊ, ಯಾವ ಕಾಲಂ ಅಂತ ದೇವರಿಗೂ ಗೊತ್ತಾಗದು.

ಜೂನಿನಲ್ಲಿ, ಕಾಲುವೆಗೆ ನೀರು ಬರುವ ಮೊದಲೇ ಗುಂಡಿ ಮುಗಿಸೋಣ ಅಂತ ಓಡುತ್ತಿದ್ದೆವು. ತಳದ ಕಾಂಕ್ರೀಟು ಆಗುವಾಗ ನಾನು ಸಿಂಧನೂರಿಗೆ ಹೋಗಿದ್ದೆ. ತಳಕ್ಕೂ ಗೋಡೆಗೂ ನಡುವಿನ ಜಾಯಿಂಟಿನಲ್ಲಿ ನೀರು ನುಗ್ಗದಂತೆ ಪಿವಿಸಿ ವಾಟರ್ ಸ್ಟಾಪ್ ಪಟ್ಟಿ ಕೂರಿಸುತ್ತೇವೆ. ಅರ್ಧ ತಳದಲ್ಲಿ, ಅರ್ಧ ಗೋಡೆಯಲ್ಲಿ ಇರಬೇಕು. ಮರುದಿನ ಗೋಡೆಗೆ ಕಾಂಕ್ರೀಟು. ರಾತ್ರಿ ಒಂಬತ್ತಕ್ಕೆ ರೊಟ್ಟಿ ತಿನ್ನುತ್ತಾ ಫೋಟೊ ಹಿಗ್ಗಿಸಿ ನೋಡಿದೆ. ಉತ್ತರದ ಮೂಲೆಯಲ್ಲಿ ಪಟ್ಟಿ ಒಂದು ಗೇಣು ಉದ್ದ ಮಡಚಿ, ಸರಳಿನ ಕೆಳಗೆ ಮಲಗಿತ್ತು. ಯಾರೋ ತುಳಿದಿರಬೇಕು. ಎಡಗೈಯಲ್ಲೇ ಫೋನ್ ಮಾಡಿದೆ. ಬೆಳಗ್ಗೆ ಆರಕ್ಕೆ ಮೇಸ್ತ್ರಿ ಬೈಂಡಿಂಗ್ ವೈರಿನಿಂದ ಅದನ್ನು ಎತ್ತಿ ಕಟ್ಟಿ, ಪಾಟಿ ಇಟ್ಟು ಇನ್ನೊಂದು ಫೋಟೊ ಹಾಕಿದರು. ಪಾಟಿ ಮೇಲೆ 'ಸರಿ ಮಾಡೀವಿ' ಅಂತ ಬರೆದಿತ್ತು. ಒಳಗೇ ಉಳಿದಿದ್ದರೆ ಆ ಮೂಲೆ ಜೀವಮಾನವಿಡೀ ಸೋರುತ್ತಿತ್ತು.

ಕ್ಯೂರಿಂಗಿಗೂ ಇದೇ ದಾರಿ. ನಮ್ಮ ಬಿಸಿಲಿಗೆ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಹತ್ತು ದಿನಕ್ಕೆ ಕಮ್ಮಿ ನೀರು ಕುಡಿಸಿದರೆ ಆಗದು. ಒದ್ದೆ ಗೋಣಿಚೀಲದ ಫೋಟೊ ದಿನಕ್ಕೆರಡು. ಮೊದಲೆರಡು ದಿನ ಒಂದೇ ಫೋಟೊ ಮತ್ತೆ ಮತ್ತೆ ಬಂತು. ಪಾಟಿಯ ಮೇಲೆ ತಾರೀಕು ಕಡ್ಡಾಯ ಮಾಡಿದ ಮೇಲೆ ನಿಂತಿತು.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ಗ್ರೂಪಿನಲ್ಲಿ ಸೈಟಿನ ಫೋಟೊ ಹುಡುಕಿದರೂ ಸಿಗುತ್ತಿರಲಿಲ್ಲ. ಬರೀ ಡ್ಯಾಮಿನ ವಿಡಿಯೊ. 33 ಗೇಟಿನಲ್ಲಿ ಒಂದು ಹೋದರೆ ನಮ್ಮ ಎರಡು ಜಿಲ್ಲೆಯ ಭತ್ತವೇ ಹೋದಂತೆ. ಮಾಲೀಕರು ಮಿಲ್ಲಿನ ಮಾತೇ ಬಿಟ್ಟು, ಅರೆಯಲು ಭತ್ತ ಇರುತ್ತದೋ ಇಲ್ಲವೋ ಅಂತ ಕೂತಿದ್ದರು. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟು ಕೂತಿತು. ಹರಿಯುವ ನೀರಿನಲ್ಲೇ ಅದನ್ನು ತುಂಡು ತುಂಡಾಗಿ ಇಳಿಸುವ ವಿಡಿಯೊವನ್ನು ಮೇಸ್ತ್ರಿ ಎಷ್ಟು ಸಲ ನೋಡಿದರೋ. "ಒಂದು ಸೂತ ಹೆಚ್ಚುಕಮ್ಮಿ ಆಗಿದ್ರ ಕೂರ್ತಿರಲಿಲ್ಲ ನೋಡ್ರಿ" ಅನ್ನುತ್ತಿದ್ದರು.

ಅದಾದ ಮೇಲೆ ಸುತ್ತಲ ಗದ್ದೆಗಳಲ್ಲಿ ನೀರು ನಿಂತಿತ್ತು, ಮಳೆಯೂ ಸೇರಿಕೊಂಡಿತ್ತು. ಪಕ್ಕದ ಹೊಲದ ಬಾವಿಯಲ್ಲಿ ನೀರು ಅಂಗಳಕ್ಕಿಂತ ಒಂದೂವರೆ ಅಡಿ ಕೆಳಗೆ. ಗುಂಡಿ ಖಾಲಿ, ಎಲಿವೇಟರ್ ಇನ್ನೂ ಬಂದಿರಲಿಲ್ಲ. ತೇಲುವುದಿದ್ದರೆ ಅದೇ ಸಮಯ. ಗುಂಡಿ ಮುಗಿದ ದಿನ ಅದರ ಗೋಡೆಗೂ ಪಕ್ಕದ ಸಿ-3 ಪೆಡೆಸ್ಟಲಿಗೂ ಒಂದೇ ಮಟ್ಟದಲ್ಲಿ ಎರಡು ಮೊಳೆ ಹೊಡೆದಿದ್ದೆವು. ನಾನು ಗೇಟಿನ ಹತ್ತಿರ ಬೈಕ್ ನಿಲ್ಲಿಸುವಷ್ಟರಲ್ಲಿ ಮೇಸ್ತ್ರಿ ಆಗಲೇ ಟ್ಯೂಬಿಗೆ ನೀರು ತುಂಬುತ್ತಿದ್ದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಗಾಳಿ ಗುಳ್ಳೆ ಹೋಗುವವರೆಗೆ ಕಾದೆವು. ನನ್ನ ಕಡೆ ನೀರು ಮೊಳೆಗೆ ಸರಿಯಾಗಿ ನಿಂತಿತು.

"ನಿಮ್ಮ ಕಡೆ?" ಅಂದೆ.

ಅವರು ಮಾತಾಡಲಿಲ್ಲ. ಟ್ಯೂಬು ಮೊಣಕಾಲಿನಲ್ಲಿ ಒತ್ತಿ ಹಿಡಿದು, ಪಾಟಿ ಹತ್ತಿರ ಎಳೆದುಕೊಂಡು ಏನೋ ಬರೆದು, ಜೇಬಿನಿಂದ ಫೋನ್ ತೆಗೆದು ಫೋಟೊ ಹೊಡೆದರು. ನನ್ನ ಫೋನು ಟಿಣ್ ಅಂದಿತು. ಎದುರಿಗೇ ಇದ್ದರೂ ಗ್ರೂಪಿಗೇ ಹಾಕಿದ್ದರು. ಪಾಟಿಯ ಮೇಲೆ ತಾರೀಕು, ಅದರ ಕೆಳಗೆ 'ಗುಂಡಿ, 0 ಸೂತ'.